ಗೋಡೆಗೆ ಬಣ್ಣ ಬಂತು, ಕಲಾವಿದನಿಗೆ?

ಬೆಂಗಳೂರಿನಲ್ಲಿ ಈಗ ಕಲೆಗೆ ಬರವಿಲ್ಲ. ಜನವರಿ ಬಂತೆಂದರೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ‘ಮ್ಯಾಪ್’ ಎಂಬ ಹೊಸ ಕಲಾ ಮ್ಯೂಸಿಯಂ ಬಾಗಿಲು ತೆರೆಯಿತು. ಮೇಲ್ಸೇತುವೆಯ ಕಂಬ, ಕೆಫೆಯ ಮೂಲೆ, ಕಚೇರಿಯ ಕಾಂಪೌಂಡ್ ಎಲ್ಲೆಲ್ಲೂ ಚಿತ್ರ. ಅವುಗಳ ಮುಂದೆ ಸೆಲ್ಫಿಗೆ ನಿಲ್ಲುವವರಲ್ಲಿ ನಾನೂ ಒಬ್ಬ. ಆದರೆ ಕಲೆಗೆ ಇಷ್ಟು ಜಾಗ ಕೊಟ್ಟ ಊರು ಕಲಾವಿದನಿಗೆ ಎಷ್ಟು ಕೊಟ್ಟಿದೆ?

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಪಿಯುಸಿ ಗೆಳೆಯನೊಬ್ಬನಿಂದ. ನಾನು ಬಿಇ ಸೇರಿದೆ, ಅವನು ದೃಶ್ಯಕಲೆ ಓದಲು ಹೋದ. ಕಳೆದ ಬೇಸಿಗೆಯಲ್ಲಿ ಇಬ್ಬರಿಗೂ ಕೆಲಸ ಸಿಕ್ಕಿತು. ನನ್ನದು ಇಂಟರ್ನ್‌ಶಿಪ್. ಮಾಡಿದ್ದಕ್ಕಿಂತ ಕಲಿತದ್ದೇ ಹೆಚ್ಚಾದರೂ ತಿಂಗಳಿಗೆ ಸ್ಟೈಪೆಂಡ್ ಬಂತು. ಅವನು ಒಂದು ಕಚೇರಿಯ ಗೋಡೆಯ ಮುಂದೆ ಆರು ದಿನ ಬಿಸಿಲಲ್ಲಿ ಏಣಿ ಮೇಲೆ ನಿಂತು ಚಿತ್ರ ಬರೆದ. ಬಣ್ಣದ ದುಡ್ಡು ಕೊಟ್ಟರು. ಕೂಲಿ ಕೇಳಿದರೆ, ‘ಸಾವಿರಾರು ಜನ ನೋಡ್ತಾರಲ್ಲ, ನಿಂಗೇ ಪ್ರಚಾರ’ ಅಂದರು. ಅದೇ ಗೋಡೆಗೆ ಮೊದಲು ಬಿಳಿ ಬಣ್ಣ ಬಳಿದವರಿಗೆ ಮಾತ್ರ ಅಂದಂದೇ ದಿನಗೂಲಿ ಸಿಕ್ಕಿತ್ತು!

ಕಲಾವಿದರಿಂದ ಊರಿಗೆ ಏನು ಲಾಭ ಎಂದು ಕೇಳುವವರು ಬಾದಲ್ ನಂಜುಂಡಸ್ವಾಮಿ ಅವರನ್ನು ನೆನೆಯಲಿ. ಮೈಸೂರಿನ ಕಾವಾದಲ್ಲಿ ಓದಿದ ಅವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿಗೆ ಮೊಸಳೆಯ ಪ್ರತಿಕೃತಿ ಇಳಿಸಿದರು. 2019ರಲ್ಲಿ ಗಗನಯಾತ್ರಿಯ ವೇಷದ ನಟನನ್ನು ಗುಂಡಿಗಳ ನಡುವೆ ನಡೆಸಿ ವಿಡಿಯೊ ಮಾಡಿದರು. ಎಷ್ಟೋ ಅರ್ಜಿಗಳಿಗೆ ಅಲುಗದ ಪಾಲಿಕೆ ಒಂದು ವಿಡಿಯೊ ಕಂಡು ಗುಂಡಿ ಮುಚ್ಚಲು ಓಡಿಬಂತು. ಇಂಥವರನ್ನು ನಾವು ಶೇರ್ ಮಾಡುತ್ತೇವೆ, ಲೈಕ್ ಒತ್ತುತ್ತೇವೆ. ಅವರ ಹೊಟ್ಟೆಪಾಡಿನ ಬಗ್ಗೆ ಕೇಳುವುದಿಲ್ಲ.

2016ರಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ವಿರುದ್ಧ ಕಲಾವಿದರು ಬೀದಿಗಿಳಿದಿದ್ದು ಯಾಕೆಂದು ನನಗೆ ಈಗ ಅರ್ಥವಾಗುತ್ತದೆ. ಹೆಸರು ಮಾಡಿದವರಿಗೆ ಎಲ್ಲಾದರೂ ಗೋಡೆ ಸಿಗುತ್ತದೆ. ಮೊದಲ ಪ್ರದರ್ಶನ ಮಾಡಬೇಕಾದ ಹುಡುಗ ಹುಡುಗಿಯರಿಗೆ ಕಡಿಮೆ ಬಾಡಿಗೆಯ ಸರ್ಕಾರಿ ಗ್ಯಾಲರಿಯೇ ಗತಿ. ಚಿತ್ರಸಂತೆಯಲ್ಲಿ ದಲ್ಲಾಳಿ ಇಲ್ಲದೆ ಕಲಾವಿದ ನೇರವಾಗಿ ಮಾರಬಹುದು ಎನ್ನುವುದು ದೊಡ್ಡ ವಿಷಯವೇ. ಆದರೆ ಅದು ವರ್ಷಕ್ಕೊಮ್ಮೆ. ಉಳಿದ ದಿನಗಳ ಬಾಡಿಗೆ, ಬಣ್ಣ, ಊಟ ಯಾವ ಲೆಕ್ಕಕ್ಕೆ?

‘ಕಲೆ ಆತ್ಮತೃಪ್ತಿಗೆ, ದುಡ್ಡಿಗಲ್ಲ’ ಎನ್ನುವ ಹಿರಿಯರಿದ್ದಾರೆ. ಕೋಡ್ ಬರೆದು ಅದು ಓಡಿದಾಗ ನನಗೂ ತೃಪ್ತಿಯಾಗುತ್ತದೆ. ಹಾಗಂತ ಯಾವ ಕಂಪನಿಯೂ ನನಗೆ ಸಂಬಳದ ಬದಲು ತೃಪ್ತಿ ಕೊಡುವುದಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಎಂಜಿನಿಯರಿಂಗ್ ಎಸ್ಟಿಮೇಟ್‌ನಲ್ಲಿ ಸಿಮೆಂಟಿಗೊಂದು ಸಾಲು, ಕಬ್ಬಿಣಕ್ಕೊಂದು ಸಾಲು, ಕೂಲಿಗೊಂದು ಸಾಲು ಇರುತ್ತದೆ. ಪಾಲಿಕೆಯಾಗಲಿ, ಕಂಪನಿಯಾಗಲಿ ಗೋಡೆಗೆ ಚಿತ್ರ ಬರೆಸುವಾಗ ಕಲಾವಿದನ ಸಂಭಾವನೆಗೂ ಒಂದು ಸಾಲು ಬರೆಯಲಿ. ಚಿತ್ರದ ಕೆಳಗೆ ಅವನ ಹೆಸರಿಗೂ ಒಂದು ಸಾಲು ಬಿಡಲಿ. ನಾವು ವಿದ್ಯಾರ್ಥಿಗಳೂ ಫೆಸ್ಟ್‌ಗೆ ಲೋಗೊ, ಪೋಸ್ಟರ್ ಬರೆಸುವಾಗ ‘ಮಚ್ಚಾ, ಫ್ರೀಯಾಗಿ ಮಾಡ್ಕೊಡು’ ಎನ್ನುವುದನ್ನು ಬಿಡೋಣ. ಸೌಂಡ್ ಸಿಸ್ಟಂನವರಿಗೆ ಅಡ್ವಾನ್ಸ್ ಕೊಡುವ ನಮಗೆ ಪಕ್ಕದ ಬೆಂಚಿನ ಕಲಾವಿದೆಗೆ ಕೊಡಲು ಐನೂರು ರೂಪಾಯಿ ಇರುವುದಿಲ್ಲವೇ?