ಬಿಟ್ಟು ಬರುವ ಮೊದಲು ಒಂದು ಬಾಂಡ್ಲಿ ಮರಳು ಇಡಿ

ಈ ಸಲ ಬೆಕ್ಕಿನ ಮರಿಗಳ ಬಗ್ಗೆ ನನ್ನ ಅಭಿಪ್ರಾಯ ಬರೆದಿದ್ದೇನೆ. ದೊಡ್ಡವರು ಮೊದಲೇ ನಗಬೇಡಿ. ಪೂರ್ತಿ ಓದಿ ಆಮೇಲೆ ನಕ್ಕರೆ ಪರವಾಗಿಲ್ಲ.

ನಮ್ಮೂರಲ್ಲಿ ಬೆಕ್ಕಿಲ್ಲದ ಮನೆ ಕಮ್ಮಿ. ರಾಗಿ ಮೂಟೆ ಇರೋ ಕಡೆ ಇಲಿ ಇರುತ್ತೆ, ಇಲಿ ಇರೋ ಕಡೆ ಬೆಕ್ಕು ಬೇಕು. ಹಾಗಾಗಿ ತಾಯಿ ಬೆಕ್ಕು ಎಲ್ಲರಿಗೂ ಬೇಕು. ಆದರೆ ಅದು ಅಟ್ಟದ ಮೇಲೆ ಮರಿ ಹಾಕಿ, ಆ ಮರಿಗಳು ಕೆಳಗಿಳಿದು ಒಲೆ ಪಕ್ಕ, ಹಾಸಿಗೆ ಮೂಲೆ ಎಲ್ಲ ಹೊಲಸು ಮಾಡಿದರೆ ಆಗ ಯಾರಿಗೂ ಬೇಡ. ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗಿ ಕೆರೆ ಏರಿ ಮೇಲೋ ಸಂತೆ ಮಾಳದಲ್ಲೋ ಬಿಟ್ಟು ಬರ್ತಾರೆ. ಅದೂ ಕತ್ತಲಾದ ಮೇಲೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಯಾರೂ ನೋಡಲಿಲ್ಲ ಅಂದುಕೊಳ್ತಾರೆ. ಬೆಳಿಗ್ಗೆ ಸ್ಕೂಲಿಗೆ ಬರೋ ನಾವು ನೋಡ್ತೀವಿ. ನಾಯಿಗಳು ಎಳೆದಾಡಿರೋದನ್ನೂ ನೋಡ್ತೀವಿ.

"ಬೆಕ್ಕು ಎಲ್ಲಿ ಬಿಟ್ಟರೂ ಬದುಕ್ಕೊಳ್ತದೆ" ಅಂತ ಹಿರಿಯರು ಹೇಳ್ತಾರೆ. ದೊಡ್ಡ ಬೆಕ್ಕು ಬದುಕಬಹುದು, ಮರಿ ಹೇಗೆ ಬದುಕೀತು? ಅದಕ್ಕೆ ಬೇಟೆ ಕಲಿಸೋದು ತಾಯಿ. ಮೊದಲು ಸತ್ತ ಇಲಿ ತಂದು ಮುಂದಿಡುತ್ತೆ, ಆಮೇಲೆ ಜೀವ ಇರೋ ಇಲಿ ತಂದು ಬಿಡುತ್ತೆ. ಕಡಿಮೆ ಅಂದರೂ 8 ವಾರ ಮರಿ ತಾಯಿ ಹತ್ತಿರ ಇರಬೇಕು. ಪ್ರಾಣಿ ಹಿಂಸೆ ತಡೆಯಲು ನಮ್ಮ ದೇಶದಲ್ಲಿ 1960ರಲ್ಲೇ ಕಾನೂನು ಆಗಿದೆ. ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದು ಅದರ ಪ್ರಕಾರ ಅಪರಾಧ.

ನನ್ನ ಅಭಿಪ್ರಾಯ ಇಷ್ಟೇ. ಮರಿಗೆ ಹೊಲಸು ಮಾಡೋ ಬುದ್ಧಿ ಇಲ್ಲ, ಜಾಗ ಗೊತ್ತಿಲ್ಲ ಅಷ್ಟೆ. ನಾವು ಜಾಗ ತೋರಿಸದೆ ಇದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಚಿಕ್ಕ ಮಗು ಹಾಸಿಗೆ ಒದ್ದೆ ಮಾಡಿದರೆ ಅದನ್ನು ಯಾರಾದರೂ ಸಂತೆ ಮಾಳದಲ್ಲಿ ಬಿಟ್ಟು ಬರ್ತಾರಾ?

ಹುಟ್ಟಿದ ಮೊದಲ ಮೂರು ವಾರ ಮರಿಗೆ ತಾನಾಗಿ ಉಚ್ಚೆ ಹೊಯ್ಯಲಿಕ್ಕೂ ಬರಲ್ಲ. ತಾಯಿ ನೆಕ್ಕಿದರೇನೇ ಆಗುವುದು. ಅದನ್ನೆಲ್ಲ ತಾಯಿಯೇ ಶುಚಿ ಮಾಡುತ್ತೆ. ಮೂರು ನಾಲ್ಕು ವಾರ ಆದಾಗ ಮರಿ ಸಡಿಲ ಮಣ್ಣು ಹುಡುಕಿ ಕೆರೆಯೋಕೆ ಶುರು ಮಾಡುತ್ತೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗುಂಡಿ ತೋಡಿ ಮುಚ್ಚೋದು ಬೆಕ್ಕಿನ ಹುಟ್ಟುಗುಣ. ಆ ಹೊತ್ತಿಗೆ ಸರಿಯಾಗಿ ನಾವು ಮರಳು ಇಟ್ಟರೆ ಮುಗೀತು.

ನಮ್ಮನೇಲಿ ಮೂರು ಮರಿ ಇದ್ದವು. ಮುಂದಿನ ಸಂತೆಗೆ ಬಿಟ್ಟು ಬರೋದು ಅಂತ ಅಜ್ಜಿ ತೀರ್ಮಾನ ಮಾಡಿದ್ದರು. "ಎಂಟು ದಿನ ಬಿಡಜ್ಜಿ, ಆಮೇಲೆ ನೋಡಾಣ" ಅಂದೆ. "ಇವಕ್ಕೆ ಪಾಠ ಹೇಳಕ್ ಹೋಗ್ತೀಯೇನೇ?" ಅಂತ ನಕ್ಕರು. ಗಾರೆ ಕೆಲಸದ ಹಳೇ ಬಾಂಡ್ಲಿಗೆ ನಾಲ್ಕು ಬೆರಳು ಮರಳು ತುಂಬಿ ಹಿತ್ತಲ ಬಾಗಿಲ ಹತ್ತಿರ ಇಟ್ಟೆ. ಮರಿಗಳು ಉಂಡ ತಕ್ಷಣ, ನಿದ್ದೆಯಿಂದ ಎದ್ದ ತಕ್ಷಣ ಎತ್ತಿ ಅದರೊಳಗೆ ಬಿಡ್ತಿದ್ದೆ. ಮೂರು ದಿನಕ್ಕೆ ಎರಡು ಮರಿ ಕಲಿತವು. ಮೂರನೆಯದು ಮಾತ್ರ ಅಕ್ಕಿ ಮೂಟೆ ಹಿಂದೇನೇ ಹೋಗ್ತಿತ್ತು. ಅಲ್ಲಿ ಹಳೇ ವಾಸನೆ ಉಳಿದಿತ್ತು. ಮೂಟೆ ಸರಿಸಿ ಸೋಪಿನ ನೀರಲ್ಲಿ ತೊಳೆದು, ಒಣಗಿದ ಮೇಲೆ ಇನ್ನೊಂದು ಬಾಂಡ್ಲಿ ಅಲ್ಲೇ ಇಟ್ಟೆ. ಆರನೇ ದಿನ ಅದೂ ಕಲಿತಿತು. ಅಜ್ಜಿ ಏನೂ ಹೇಳಲಿಲ್ಲ. ಮಾರನೇ ದಿನ ತಾವೇ ಮರಳು ಜರಡಿ ಹಿಡೀತಾ ಕೂತಿದ್ದರು.

ಕೆಲವರು ಮರಿಯ ಮೂತಿಯನ್ನು ಹೊಲಸಿಗೆ ತಿಕ್ಕಿ ಹೊಡೀತಾರೆ. ಅದರಿಂದ ಅದು ಕಲಿಯಲ್ಲ, ಹೆದರುತ್ತೆ. ಹೆದರಿದ ಮರಿ ಕಾಣದ ಮೂಲೆಯಲ್ಲಿ ಹೋಗುತ್ತೆ. ಊಟದ ತಟ್ಟೆ ಪಕ್ಕ ಮರಳು ಇಟ್ಟರೂ ಉಪಯೋಗವಿಲ್ಲ. ತಿನ್ನೋ ಕಡೆ ಬೆಕ್ಕು ಹೊಲಸು ಮಾಡಲು ಇಷ್ಟಪಡಲ್ಲ.

ವಾಸನೆ ಬರುತ್ತೆ ಅಂತೀರಾ? ದಿನಾ ತೆಂಗಿನ ಕರಟದಲ್ಲಿ ಎತ್ತಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ಬರಲ್ಲ. ಸೊಪ್ಪಿನ ಮಡಿಗೆ ಮಾತ್ರ ಹಾಕಬೇಡಿ. ಕೈಯನ್ನು ಸೋಪು ಹಾಕಿ ತೊಳೀಬೇಕು. ಬಸುರಿ ಹೆಂಗಸರು ಈ ಕೆಲಸ ಮಾಡಬಾರದು, ಬೆಕ್ಕಿನ ಹೇಲಿನಿಂದ ಹೊಟ್ಟೆಯಲ್ಲಿರೋ ಮಗುವಿಗೆ ರೋಗ ಬರಬಹುದು. ಮರಿಗೆ ಭೇದಿ ಆಗ್ತಿದ್ದರೆ ಹಸುವಿನ ಹಾಲು ನಿಲ್ಲಿಸಿ ನೋಡಿ. ಎಷ್ಟೋ ಮರಿಗಳಿಗೆ ಅದು ಅರಗಲ್ಲ. ತಾಯಿ ಹಾಲು ಕುಡೀಲಿ, ತಿನ್ನೋ ವಯಸ್ಸಾದ ಮೇಲೆ ಬೇಯಿಸಿದ ಮೊಟ್ಟೆ, ಮೀನು ಕೊಡಬಹುದು.

ದುಡ್ಡು ಬೇಕು ಅಂತೀರಾ? ಪೇಟೆಯಲ್ಲಿ ಬೆಕ್ಕಿಗೆ ಅಂತಲೇ ಮರಳಿನ ಪ್ಯಾಕೆಟ್ ಮಾರ್ತಾರೆ. ಅಮೆರಿಕದಲ್ಲಿ ಎಡ್ವರ್ಡ್ ಲೋ ಎಂಬುವವರು 1947ರಲ್ಲಿ ಜೇಡಿಮಣ್ಣಿನ ಹರಳನ್ನು ಹೀಗೆ ಮಾರಲು ಶುರು ಮಾಡಿದರು. ಅದಕ್ಕೆ ಮೊದಲು ಅಲ್ಲಿಯವರೂ ಮರಳು, ಬೂದಿಯನ್ನೇ ಹಾಕ್ತಿದ್ದರು. ನಮಗೆ ಮರಳೋ ಒಣ ಮಣ್ಣೋ ಸಾಕು. ಒಲೆ ಬೂದಿ ಬೇಡ. ವಿಜ್ಞಾನದ ಪಾಠದಲ್ಲಿ ಪ್ರತ್ಯಾಮ್ಲ ಅಂತ ಓದಿದೀವಲ್ಲ, ಸೌದೆ ಬೂದಿಯ ನೀರೂ ಅದೇ. ಮರಿಯ ಕಾಲು, ನಾಲಿಗೆ ಸುಡುತ್ತೆ.

ಎಲ್ಲಾ ಮರಿಗಳನ್ನೂ ಒಂದೇ ಮನೆಯಲ್ಲಿ ಸಾಕಲು ಆಗಲ್ಲ, ನಿಜ. ಆದರೆ ಜಾಗ ಕಲಿತ ಮರಿಯನ್ನು ಜನ ಕೇಳಿ ತಗೊಂಡು ಹೋಗ್ತಾರೆ. ನಮ್ಮ ಎರಡು ಮರಿಗಳು ಎರಡು ತಿಂಗಳಾದ ಮೇಲೆ ಬೇರೆ ಮನೆ ಸೇರಿದವು. ಬೆಕ್ಕು ಗಬ್ಬವಾಗಿ ಸುಮಾರು 63 ದಿನಕ್ಕೆ ಮರಿ ಹಾಕುತ್ತೆ, ವರ್ಷಕ್ಕೆ ಎರಡು ಮೂರು ಸಲ ಆಗಬಹುದು. ಅಷ್ಟು ಬೇಡ ಅನ್ನೋರು ಪಶು ವೈದ್ಯರ ಹತ್ತಿರ ಆಪರೇಷನ್ ಬಗ್ಗೆ ಕೇಳಬೇಕು. ಚೀಲ ಅದಕ್ಕೆ ಉಪಾಯ ಅಲ್ಲ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲಿ ಮರಿ ಇದ್ದರೆ ಇವತ್ತೇ ಒಂದು ಹಳೇ ಬಾಂಡ್ಲಿ ಹುಡುಕಿ. ದೊಡ್ಡವರ ಹತ್ತಿರ ಎಂಟು ದಿನ ಕೇಳಿ. ಮರಳು ಬೇಕಾದವರು ನಮ್ಮನೆ ಹತ್ತಿರ ಬನ್ನಿ, ಗುಡ್ಡೆ ಇನ್ನೂ ಇದೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ