ವೈಯಾವೃತ್ಯವನ್ನು ಯಂತ್ರಕ್ಕೆ ಒಪ್ಪಿಸಬಹುದೆ?

ಮರೆವಿನ ರೋಗಕ್ಕೆ ತುತ್ತಾದ ಹಿರಿಯರು ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳುತ್ತಾರೆ. ಮನೆಯವರಿಗೆ ಬೇಸರವಾಗುತ್ತದೆ; ಯಂತ್ರಕ್ಕೆ ಬೇಸರವಿಲ್ಲ. ಆದುದರಿಂದ ಆಲ್‌ಝೈಮರ್ಸ್, ಪಾರ್ಕಿನ್‌ಸನ್ಸ್ ಮೊದಲಾದ ನರರೋಗಿಗಳ ಜೊತೆಗೆ ಮಾತನಾಡುವ ಚಾಟ್‌ಬಾಟ್ ಒಂದನ್ನು ಇರಿಸಿದರೆ ಸಾಕೆಂಬ ವಾದ ಹಬ್ಬುತ್ತಿದೆ. ಶ್ರಾವಕ ಸಮಾಜವು ಇದನ್ನು ಪರೀಕ್ಷಿಸದೆ ಒಪ್ಪಲಾಗದು.

ಪುದ್ಗಲವು ಜೀವಕ್ಕೆ ಮಾಡುವ ಉಪಕಾರವನ್ನು ತತ್ತ್ವಾರ್ಥಸೂತ್ರವೇ ಒಪ್ಪಿದೆ. ಯಂತ್ರವೂ ಪುದ್ಗಲ, ಔಷಧಿಯ ವೇಳೆಯನ್ನು ಅದು ನೆನಪಿಸುವುದರಲ್ಲಿ ದೋಷವಿಲ್ಲ. 1985ರಲ್ಲಿ ಮಾತು ಕಳೆದುಕೊಂಡ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಗಣಕಯಂತ್ರದ ಧ್ವನಿಯಿಂದಲೇ ದಶಕಗಳ ಕಾಲ ಲೋಕದೊಡನೆ ಮಾತನಾಡಿದರು. ಅಲ್ಲಿ ಯಂತ್ರವು ರೋಗಿಯ ನಾಲಿಗೆಯಾಯಿತು; ಕೇಳುವ ಕಿವಿಗಳು ಮನುಷ್ಯರವೇ ಆಗಿದ್ದವು. ಈಗ ಆ ಕಿವಿಯ ಸ್ಥಾನವನ್ನೇ ಯಂತ್ರಕ್ಕೆ ಬಿಟ್ಟುಕೊಡಲು ಹೊರಟಿದ್ದಾರೆ.

ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಝೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲೈಜಾ’ ಎಂಬ ಗಣಕ ಕಾರ್ಯಕ್ರಮವು ಆಡಿದವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಅದಕ್ಕೆ ಅರ್ಥಜ್ಞಾನವಿರಲಿಲ್ಲ, ಆದರೂ ಜನ ಅದರ ಮುಂದೆ ಮನಸ್ಸು ತೆರೆದರು. ಕಳವಳಗೊಂಡ ವೈಝೆನ್‌ಬಾಮ್, ಕಾರುಣ್ಯ ಬೇಡುವ ಕಾರ್ಯಗಳನ್ನು ಯಂತ್ರಕ್ಕೆ ವಹಿಸಬಾರದೆಂದು 1976ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಬುದ್ಧಿ ಸ್ಥಿಮಿತದಲ್ಲಿರುವವರೇ ಹೀಗೆ ಮರುಳಾದರೆ, ಸ್ಮೃತಿ ಕಳೆದುಕೊಂಡವರ ಪಾಡೇನು? ತೀರಿಹೋದ ಪತ್ನಿಯನ್ನು ಕೇಳುವ ವೃದ್ಧರಿಗೆ ಯಂತ್ರವು “ಈಗ ಬರುತ್ತಾರೆ” ಎಂದರೆ ಆ ಅಸತ್ಯದ ಭಾರ ಯಾರದು? ಯಂತ್ರಕ್ಕೆ ಕರ್ಮಬಂಧವಿಲ್ಲ. ಆದರೆ ಕೃತದಂತೆ ಕಾರಿತವೂ ಅನುಮೋದನೆಯೂ ಬಂಧಕ್ಕೆ ಕಾರಣವೆಂಬುದನ್ನು ಅದನ್ನಿರಿಸಿ ದೂರ ಸರಿದವರು ಮರೆಯಬಾರದು.

ಆರು ಆಭ್ಯಂತರ ತಪಗಳಲ್ಲಿ ವೈಯಾವೃತ್ಯವೂ ಒಂದು. ಅದನ್ನು ಪಡೆಯಬೇಕಾದ ಹತ್ತು ಬಗೆಯವರಲ್ಲಿ ಗ್ಲಾನ, ಎಂದರೆ ರೋಗಪೀಡಿತ ಮುನಿಯೂ ಒಬ್ಬ. ಮುನಿಸಂಘಕ್ಕೆ ಹೇಳಿದ ಈ ಮಾತು ಶ್ರಾವಕರ ಮನೆಗೂ ಸಲ್ಲುತ್ತದೆ. ಸೇವೆಯನ್ನು ತಪವೆಂದದ್ದು ಅದು ಸುಲಭವೆಂದಲ್ಲ. ಹತ್ತನೆಯ ಬಾರಿಯೂ ಶಾಂತವಾಗಿ ಉತ್ತರಿಸುವುದರಲ್ಲಿ ಕ್ರೋಧದ ಜಯವಿದೆ. ಬೇಸರವೇ ಇಲ್ಲದ ಯಂತ್ರಕ್ಕೆ ಗೆಲ್ಲಲು ಏನಿದೆ?

ಹಾಗೆಂದು ಹಗಲಿರುಳು ಒಬ್ಬಳೇ ಸೇವೆ ಮಾಡಿ ಬಳಲಿದ ಸೊಸೆಯನ್ನೋ ಮಗಳನ್ನೋ ದೂಷಿಸುವುದು ಅಧರ್ಮ. ಆಕೆಯನ್ನು ಒಂಟಿಯಾಗಿ ಬಿಟ್ಟದ್ದು ಸಮಾಜದ ತಪ್ಪು. ಬಸದಿಯ ಟ್ರಸ್ಟುಗಳು ಅಭಿಷೇಕ, ಉತ್ಸವಗಳಿಗೆ ಸರದಿಯ ಪಟ್ಟಿ ಮಾಡುತ್ತವೆ. ಅಂತೆಯೇ ಇಂಥ ಮನೆಗಳ ಪಟ್ಟಿಯನ್ನೂ ಮಾಡಲಿ. ವಾರಕ್ಕೆ ಇಬ್ಬರು ಶ್ರಾವಕ-ಶ್ರಾವಿಕೆಯರು ಹೋಗಿ ಎರಡು ಗಂಟೆ ರೋಗಿಯ ಬಳಿ ಕುಳಿತುಕೊಳ್ಳಲಿ. ಅದನ್ನೂ ಮಾಡಲಾರದ ಸಮಾಜವು ಯಂತ್ರವನ್ನು ಕೊಂಡು ತಂದು ಅದಕ್ಕೆ ಕರುಣೆಯೆಂದು ಹೆಸರಿಡದಿರಲಿ.