ಹಳೇ ಶಾಕ್ ಅಬ್ಸಾರ್ಬರ್, ಹೊಸ ಪೇಂಟ್

ಭಾಗ 1

ಡಿಎಂಗೆ ಒಂದೇ ನಮೂನಿ ಫೋಟೊ ಬರ್ಲಾಕತ್ತಾವ. ಗೋಣಿಚೀಲದ ಮ್ಯಾಲ ನಾಲ್ಕು ಶಾಕ್ ಅಬ್ಸಾರ್ಬರ್, ಥಳಥಳ ಹೊಳೆಯೋ ಪೇಂಟ್, ಕೆಳಗ ಬರಹ: "ಇಂಪೋರ್ಟೆಡ್, ಸೆಕೆಂಡ್ ಹ್ಯಾಂಡ್, ಫುಲ್ ಕಂಡೀಷನ್, ಪಿಕಪ್‌ಗೆ ಕೂಡ್ತಾವ." ಕಳಿಸಿದವ ಶಹಾಪುರದವ ಇರ್ಲಿ, ಸುರಪುರದವ ಇರ್ಲಿ, ಪ್ರಶ್ನೆ ಒಂದೇ: "ದೋಸ್ತ, ತಗೊಳ್ಳಾ?"

ಬ್ಯಾಡ.

ಯಾಕ ಅಂತ ಒಂದೊಂದೇ ಹೇಳ್ತೀನಿ. ಉದ್ದ ಅದ, ಪೂರ್ತಿ ಓದ್ರಿ. ಓದಿದ ಮ್ಯಾಲೂ ತಗೋತೀನಿ ಅನ್ನವರು ಕಮೆಂಟ್‌ನಾಗ ಜಗಳಕ್ಕ ಬರ್ರಿ, ಬಾಗಿಲು ತೆರೆದೇ ಅದ.

ಭಾಗ 2

ಮೊದಲ ತಪ್ಪು ತಿಳುವಳಿಕೆ ತೆಗಿಯೋಣ. ಶಾಕ್ ಭಾರ ಹೊರೋದಿಲ್ಲ. ಭಾರ ಹೊರೋದು ಸ್ಪ್ರಿಂಗ್. ಪಿಕಪ್ಪಿನ ಹಿಂದ ಅದು ಪಾಟಾ. ಗಾಲಿ ಗುಂಡಿಗೆ ಬಿದ್ದಾಗ ಪಾಟಾ ಬಗ್ಗಿ ಮತ್ತ ಮ್ಯಾಲೇಳ್ತದ. ಸುಮ್ಮನ ಬಿಟ್ರ ಕುಣಕೋತನ ಇರ್ತದ. ಆ ಕುಣಿತ ನಿಲ್ಲಿಸೋದಷ್ಟೇ ಶಾಕಿನ ಕೆಲಸ. ಒಳಗ ಎಣ್ಣೆ, ಪಿಸ್ಟನ್, ಸಣ್ಣ ಸಣ್ಣ ವಾಲ್ವ್ ಇರ್ತಾವ. ಪಿಸ್ಟನ್ ಸರಿದಾಗ ಎಣ್ಣೆ ಆ ಇಕ್ಕಟ್ಟಿನ ದಾರಿಯಿಂದ ತೂರಿ ಹೋಗಬೇಕು, ಆ ತಿಕ್ಕಾಟದಾಗ ಕುಣಿತದ ಶಕ್ತಿಯೆಲ್ಲ ಕಾವಾಗಿ ಹೊರಗ ಹೋಗ್ತದ. ಕೆಟ್ಟ ದಾರ್‍ಯಾಗ ಓಡಿಸಿ ಬಂದ ಕೂಡಲೇ ಶಾಕ್ ಮುಟ್ಟಿದ್ರ ಕೈ ಸುಡೋದು ಅದಕ್ಕ.

ಅಂದ್ರ ಇದು ದಿನಾ ಕಾಯ್ದು, ದಿನಾ ತಣ್ಣಗಾಗಿ ಸವೆಯೋ ಸಾಮಾನು. ಎಣ್ಣೆ ಹಳೇದಾಗ್ತದ, ಸೀಲ್ ಬಿರುಸಾಗ್ತದ, ಗ್ಯಾಸ್ ಸೋರ್ತದ, ರಬ್ಬರ್ ಬುಷ್ ಒಡಿತದ. ಬ್ರೇಕ್ ಪ್ಯಾಡ್ ಇದ್ದಂಗ. ಹಳೇ ಬ್ರೇಕ್ ಪ್ಯಾಡ್ ಇಂಪೋರ್ಟೆಡ್ ಅಂತ ಯಾವನರೆ ರೊಕ್ಕ ಕೊಟ್ಟು ತಂದಾನೇನು? ಶಾಕ್ ವಿಷಯದಾಗ ಮಾತ್ರ ನಮಗ ಸ್ಟಿಕ್ಕರ್ ಕಂಡ್ರ ಸಾಕು, ಕಣ್ಣು ಮಂಜಾಗ್ತದ.

ಶಾಕ್ ಸತ್ತ ಗಾಡಿಯ ಗಾಲಿ ರಸ್ತೆ ಮ್ಯಾಲ ಪುಟಿಯುತ್ತದೆ. ಟೈರ್ ನೆಲ ಬಿಟ್ಟ ಆ ಕ್ಷಣ ಬ್ರೇಕ್ ಒತ್ತಿದ್ರೂ ಉಪಯೋಗ ಇಲ್ಲ, ಸ್ಟೇರಿಂಗ್ ತಿರುಗಿಸಿದ್ರೂ ಇಲ್ಲ. ಇದು ಆರಾಮ ಕೂಡೋ ವಿಷಯ ಅಂದ್ಕೊಂಡೀರಿ, ಇದು ಗಾಡಿ ನಿಲ್ಲೋ ವಿಷಯ.

ಭಾಗ 3

"ಚೆಕ್ ಮಾಡಿ ತಗೋತೀನಿ" ಅಂತೀರಿ. ಮಾಡ್ರಿ. ರಾಡ್ ಮ್ಯಾಲ ಉಗುರು ಎಳೀರಿ, ಕ್ರೋಮ್ ಎಲ್ಲೆರೆ ಕಿತ್ತಿದ್ರ, ತುಕ್ಕಿನ ಚುಕ್ಕಿ ತಾಗಿದ್ರ, ಅದು ಸೀಲ್ ಕೊಯ್ಯತದ. ಸೀಲಿನ ಸುತ್ತ ಎಣ್ಣೆ ಜಿಡ್ಡು ನೋಡ್ರಿ. ನಿಲ್ಲಿಸಿ ಹಿಡಿದು ಪೂರ್ತಿ ಒತ್ತಿ ಬಿಡ್ರಿ: ಗ್ಯಾಸ್ ಶಾಕ್ ಇದ್ರ ತಾನಾಗೇ ಮ್ಯಾಲ ಬರಬೇಕು, ಬರ್ಲಿಲ್ಲಂದ್ರ ಗ್ಯಾಸ್ ಹೋಗ್ಯಾದ. ಬರೀ ಎಣ್ಣೆಯ ಶಾಕ್ ಹಂಗ ಬರೋದಿಲ್ಲ, ಅದು ದೋಷ ಅಲ್ಲ. ಬಸ್ ಪಾರ್ಸಲ್‌ನಾಗ ಅಡ್ಡ ಮಲಗಿ ಬಂದಿದ್ರ ಒಳಗ ಗಾಳಿ ಬೆರೆತಿರ್ತದ. ನಾಲ್ಕೈದು ಸಲ ನಿಲ್ಲಿಸಿ ಪಂಪ್ ಮಾಡಿದ ಮ್ಯಾಲೇ ನಿಜ ಗೊತ್ತಾಗ್ತದ. ಪಂಪ್ ಮಾಡಿದ ಮ್ಯಾಲೂ ನಡುವ ಎಲ್ಲೆರೆ ಕೈಗೆ ಖಾಲಿ ಖಾಲಿ ತಾಗಿದ್ರ ಕಥಿ ಮುಗೀತು.

ಇಷ್ಟೆಲ್ಲ ಪಾಸ್ ಆದ್ರೂ ನಿಮಗ ಗೊತ್ತಾಗಿದ್ದು ಅರ್ಧ. ಗುಂಡಿಗೆ ಬಿದ್ದಾಗ ಪಿಸ್ಟನ್ ಸರಿಯೋ ವೇಗ ನಿಮ್ಮ ಕೈಯಿಂದ ಬರೋದಿಲ್ಲ. ಆ ವೇಗದಾಗ ವಾಲ್ವ್ ಏನು ಮಾಡ್ತದ ಅಂತ ತೋರಿಸೋದು ಶಾಕ್ ಡೈನೊ ಅನ್ನೋ ಯಂತ್ರ. ಯಾದಗಿರಿಯ ಯಾವ ಗ್ಯಾರೇಜಿಗೆ ಹೋಗಿ ಅದನ್ನ ಕೇಳ್ತೀರಿ? ಇನ್ನ ಫೋಟೊ ನೋಡಿ "ಕಂಡೀಷನ್ ಮಸ್ತ್ ಅದ" ಅನ್ನೋರಿಗೆ ನಾ ಏನು ಹೇಳ್ಲಿ. ಕರಿ ಸ್ಪ್ರೇ ಡಬ್ಬಿ ಒಂದಿದ್ರ ಎಲ್ಲಾ ಶಾಕೂ ಮಸ್ತ್.

ಬಿಚ್ಚಿ ಸೀಲ್, ಎಣ್ಣೆ ಹಾಕಿ ಮತ್ತ ಕಟ್ಟಬಹುದಾದ ಶಾಕ್ ಇರ್ತಾವ, ಹೌದು. ಅವು ತುಟ್ಟಿ, ಅವುಗಳ ಕಿಟ್ ತರಿಸಬೇಕು, ನೈಟ್ರೋಜನ್ ತುಂಬೋ ಕೈ ಬೇಕು. ಫೋಟೊದಾಗ ಬರೋ ಹೆಚ್ಚಿನವು ವೆಲ್ಡ್ ಮಾಡಿ ಮುಚ್ಚಿದ ಡಬ್ಬಿ. ಸತ್ತ ಮ್ಯಾಲ ಅದು ಬರೀ ಕಬ್ಬಿಣ.

ಭಾಗ 4

ಈಗ ಯಾರೂ ಕೇಳದ ಪ್ರಶ್ನೆ: ಉದ್ದ ಎಷ್ಟು?

ಆಫ್‌ರೋಡ್ ಶಾಕ್ ಬಹಳಷ್ಟು ಎತ್ತರಿಸಿದ ಗಾಡಿಗೆ ಮಾಡಿದವು, ಸಾದಾದಕ್ಕಿಂತ ಉದ್ದ. ಎತ್ತರಿಸದ ಪಿಕಪ್ಪಿಗೆ ಅದನ್ನ ಹಾಕಿ ಲೋಡ್ ತುಂಬ್ರಿ. ದೊಡ್ಡ ಗುಂಡಿಗೆ ಪಾಟಾ ಪೂರ್ತಿ ಬಗ್ಗೋ ಮೊದಲೇ, ಬಂಪ್ ಸ್ಟಾಪ್ ರಬ್ಬರ್ ತಾಗೋ ಮೊದಲೇ, ಶಾಕ್ ಒಳಗಿಂದೊಳಗ ಬಡಿತದ. ಆಗ ಇಡೀ ಹೊಡೆತ ರಾಡಿಗೆ, ಅದು ಕೂತ ಬ್ರಾಕೆಟ್ಟಿಗೆ. ರಾಡ್ ಬಗ್ಗತದ ಇಲ್ಲಾ ಬ್ರಾಕೆಟ್ ಹರಿತದ. ಗಿಡ್ಡ ಶಾಕ್ ಹಾಕಿದ್ರ ಉಲ್ಟಾ: ಗಾಲಿ ಕೆಳಗಿಳಿದಾಗ ಆಕ್ಸಲ್ ಶಾಕಿಗೇ ಜೋತು ಬೀಳ್ತದ. "ಕೂಡ್ತಾವ" ಅಂದ್ರ ಬೋಲ್ಟ್ ಕೂಡ್ತದ ಅಂತ ಅಷ್ಟೇ ಅರ್ಥ.

ತೂಕದ ಲೆಕ್ಕಾನೂ ಹಂಗೇ. ಮುಂದ ಕಬ್ಬಿಣದ ಬುಲ್ ಬಾರ್, ವಿಂಚ್, ಮ್ಯಾಲ ಟೆಂಟ್ ಕಟ್ಟಿಕೊಂಡ ಇಸುಜು ವಿ-ಕ್ರಾಸ್‌ಗೋ ಹೈಲಕ್ಸ್‌ಗೋ ಹೊಂದಿಸಿದ ವಾಲ್ವ್ ಬೇರೆ. ನಮ್ಮ ಬೊಲೆರೊ ಪಿಕಪ್ಪಿನ 1.7 ಟನ್ ಮಾದರಿ ಹೋಗುವಾಗ ತುಂಬಿ, ಬರುವಾಗ ಖಾಲಿ. ಬ್ಯಾರೆಯವರ ಅಳತಿ ಅಂಗಿ ಹಾಕ್ಕೊಂಡಂಗ ಆಗ್ತದ. ಅದ್ರಾಗ ಎರಡು ಒಂದು ಗಾಡೀದು, ಇನ್ನೆರಡು ಇನ್ನೊಂದು ಗಾಡೀದು ಇದ್ರ ಎಡಕ್ಕೊಂದು ಬಲಕ್ಕೊಂದು ಕುಣಿತ.

ಭಾಗ 5

"ನಮ್ಮ ರಸ್ತೆ ನೋಡಿಯಲ್ಲ?" ಅನ್ನೋ ವಾದ ನನಗೆ ಬಾಯಿಪಾಠ ಆಗ್ಯಾದ. ನೋಡೀನಿ. ನಾರಾಯಣಪುರ ಎಡದಂಡೆ ಕಾಲುವೆ ಏರಿ ಮ್ಯಾಲಿನ ದಾರಿ ನೋಡೀನಿ, ಮಳಿಗಾಲದಾಗ ಹುಣಸಗಿ, ಕೆಂಭಾವಿ ಕಡೆ ಹೊಲದ ದಾರಿ ನೋಡೀನಿ. ಎರಿ ಮಣ್ಣಾಗ ಗಾಡಿ ಸಿಕ್ಕೊಂಡಾಗ ಎತ್ತೋದು ಟೈರಿನ ಹಿಡಿತ, ಗಾಳಿ ಒತ್ತಡ, ನಾಲ್ಕೂ ಗಾಲಿಗೆ ಬಲ ಇದ್ರ ಅದು, ಇಲ್ಲಂದ್ರ ಟ್ರ್ಯಾಕ್ಟರ್. ಗಾಲಿಗೆ ಅಂಟಿದ ಮಣ್ಣಿಗೆ ನಿಮ್ಮ ಶಾಕ್ ಯಾವ ದೇಶದ್ದಂತ ಗೊತ್ತಾಗೋದಿಲ್ಲ.

ಮತ್ತ ಆ ಪಿಕಪ್ ಯಾರದು? ರೀಲ್ ಮಾಡೋ ಭಾನುವಾರ ನಿಮ್ಮದು. ಉಳಿದ ಆರು ದಿನ ಮನಿ ಕಂತು ಕಟ್ಟೋದು. ಹತ್ತಿ ಬಿಡಿಸೋ ದಿನ ಬಂದ್ರ, ಮೆಣಸಿನಕಾಯಿ ಹರಿಯೋ ದಿನ ಬಂದ್ರ, ಬೆಳಗಿನ ಚಳ್ಯಾಗ ಹಿಂದ ನಿಂತು ಹೋಗೋರು ನಮ್ಮ ಅವ್ವಂದಿರು, ಅಕ್ಕಂದಿರು, ಚಿಗವ್ವಂದಿರು. ಸರಕಿನ ಗಾಡ್ಯಾಗ ಮಂದಿ ಒಯ್ಯಬಾರದು, ಕಾನೂನು ಅದೇ ಹೇಳ್ತದ. ಊರಿಗೆ ಬಸ್ ಟೈಮಿಗೆ ಬರ್ಲಿಲ್ಲಂದ್ರ ಏನು ನಡೀತದ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಿಂತ ಮಂದಿ ಅಂದ್ರ ಭಾರ ಮ್ಯಾಲ ಇರ್ತದ, ತಿರುವಿನಾಗ ಗಾಡಿ ವಾಲತದ. ಆ ವಾಲೋ ವೇಗ ತಡಿಯೋದು ಇದೇ ಶಾಕ್. ಅದನ್ನ ಗೋಣಿಚೀಲದ ಫೋಟೊ ನೋಡಿ ಆರಿಸ್ತೀರಾ?

ಭಾಗ 6

ಗುಜರಿ ನನಗ ವೈರಿ ಅಲ್ಲ. ಬಾಗಿಲು, ಬಂಪರ್, ಸೀಟು, ಟೇಲ್ ಲ್ಯಾಂಪ್ ಹಳೇದು ತಗೋರಿ, ಚೌಕಾಶಿ ಮಾಡ್ರಿ. ಶಾಕ್ ಮಾತ್ರ ಹೊಸದು, ನಿಮ್ಮ ಗಾಡಿ ಮಾಡೆಲಿಗೆ ಮಾಡಿದ್ದು, ಬಿಲ್ ಸಮೇತ. ಇಂಪೋರ್ಟೆಡ್ ಇರಬೇಕಂತ ಇಲ್ಲ. ಗೇಬ್ರಿಯಲ್ ಇಂಡಿಯಾದಂಥ ಕಂಪನಿ ಶುರುವಾಗಿದ್ದು 1961ರಾಗ. ಇದು ನಮ್ಮ ದೇಶಕ್ಕ ಹೊಸ ವಿದ್ಯೆ ಅಲ್ಲ. ಹಳೇ ಬ್ರ್ಯಾಂಡೆಡ್ ಸೆಟ್ಟಿಗೆ ಕೇಳೋ ರೊಕ್ಕದಾಗ ಬಹಳ ಸಲ ಸಾದಾ ಹೊಸ ಸೆಟ್ಟೇ ಬರ್ತದ. ರೊಕ್ಕ ಸಾಲದಿದ್ರ ಈ ತಿಂಗಳ ಹಿಂದಿನ ಜೋಡಿ, ಮುಂದಿನ ತಿಂಗಳ ಮುಂದಿನ ಜೋಡಿ. ಒಂದೇ ಬದಿ ಎಂದೂ ಬದಲಿಸಬ್ಯಾಡ್ರಿ. ಬುಷ್ ಕೂಡ ಹೊಸದು ಹಾಕಿಸ್ರಿ.

ಎತ್ತರಿಸೋ ಹುಚ್ಚು ಇದ್ದವರಿಗೆ ಒಂದೇ ಮಾತು: ಆರ್‌ಸಿಯೊಳಗಿನ ವಿವರಕ್ಕ, ಕಂಪನಿ ಕೊಟ್ಟ ರೂಪಕ್ಕ ಹೊಂದದಂಗ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳ್ತದ, 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಮಾಲೀಕ ಅಂದ್ರ ಆರ್‌ಸಿ ಮ್ಯಾಲ ಹೆಸರಿದ್ದವರು. ಬಹಳ ಮಂದಿ ಮನ್ಯಾಗ ಅದು ಅಪ್ಪನ ಹೆಸರು.

ಹೊಸದು ಹಾಕಿಸಿದ ಮ್ಯಾಲ ಬಿಚ್ಚಿದ ಹಳೇ ಜೋಡಿಗೆ ಪೇಂಟ್ ಹೊಡೆದು ಜೂನಿಯರ್ ಹುಡುಗರಿಗೆ ಮಾರಬ್ಯಾಡ್ರಿ. ತೂಕಕ್ಕ ಹಾಕಿಬಿಡ್ರಿ. ಒಳಗ ಗ್ಯಾಸಿನ ಒತ್ತಡ ಇರ್ತದ, ಕಟರ್ ಹಚ್ಚಬ್ಯಾಡ ಅಂತ ಗುಜರಿ ಅಣ್ಣಗ ಹೇಳಿ ಕೊಡ್ರಿ.